ಒಂದು ಕಂಬ, ಹಲವು ಕಂಪನಿ: ಎಡೆದೊರೆ ಸೀಮೆಯ ಟವರ್ ಲೆಕ್ಕ

ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ‘ಟವರ್’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಹೊಲದ ಬದುವಿನಾಚೆ ನಿಂತ ಕಬ್ಬಿಣದ ಕಂಬವೂ ಟವರ್, ಮೊಬೈಲಿಗೆ ಬರುವ ಸಿಗ್ನಲ್ಲೂ ಟವರ್. ‘ಟವರ್ ಸಿಗವಲ್ದು’ ಎಂದು ಮಾಳಿಗೆ ಹತ್ತಿ ನಿಂತವರ ಕಣ್ಣಿಗೆ ಎಷ್ಟೋ ಸಲ ಕಂಬ ಕಾಣುತ್ತಲೇ ಇರುತ್ತದೆ. ಆದರೆ ಅದು ಬೇರೆ ಕಂಪನಿಯದು, ಅವರ ಕೈಯಲ್ಲಿರುವ ಸಿಮ್ಮಿಗೆ ಅದರ ಪ್ರಯೋಜನವಿಲ್ಲ. ಕಂಬ ಇದ್ದೂ ಟವರ್ ಸಿಗದ ಈ ಸ್ಥಿತಿಯನ್ನು ಸರಿಪಡಿಸುವ ಬಗೆ ಯಾವುದು, ಕಂಬವೇ ಇಲ್ಲದ ಕಡೆ ಹೊಸದನ್ನು ಎಲ್ಲಿ, ಹೇಗೆ ನಿಲ್ಲಿಸಬೇಕು ಎಂಬುದೇ ಟವರ್ ಯೋಜನೆಯ ವಿಷಯ.

ಇಷ್ಟು ದಿನ ಈ ತೀರ್ಮಾನ ಬಹುಮಟ್ಟಿಗೆ ಕಂಪನಿಗಳದೇ ಆಗಿತ್ತು. ಆದಾಯ ಕಂಡ ಕಡೆ ಮೂರು ಕಂಬಗಳು ಎದ್ದವು, ಆದಾಯ ಕಾಣದ ಕಡೆ ಒಂದೂ ಏಳಲಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳಂಥ ಚದುರಿದ ಊರುಗಳ ಸೀಮೆಗೆ ಈ ಪದ್ಧತಿ ಸಾಲದು. ಇರುವ ಕಂಬವನ್ನು ಮೊದಲು ಹಂಚಿಕೊಳ್ಳಬೇಕು. ಹಂಚಿಕೊಂಡರೂ ತಲುಪದ ಕಡೆ ಹೊಸ ಕಂಬ ಏಳಬೇಕು, ಅದೂ ಎಲ್ಲ ಕಂಪನಿಗಳಿಗೆ ಜಾಗವಿರುವಂತೆ. ಈ ಕ್ರಮ ಏಕೆ ಸರಿ ಎಂಬುದನ್ನು ಈ ನೆಲದ ರಚನೆಯೇ ಹೇಳುತ್ತದೆ.

ಎರಡು ಹೊಳೆ, ಮೂರು ಬಗೆಯ ನೆಲ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ಹೊಳೆಗಳ ನಡುವಿನ ಈ ನಾಡನ್ನು ಹಳೆಯ ಶಾಸನಗಳು ಎಡೆದೊರೆ ಎಂದು ಕರೆದಿವೆ. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಜನಸಂಖ್ಯೆ 19,28,812. ಪ್ರತಿ ಚದರ ಕಿಲೋಮೀಟರಿಗೆ ಇಲ್ಲಿ 228 ಜನ, ಇಡೀ ರಾಜ್ಯದ ಸರಾಸರಿ 319. ಜನ ವಿರಳವಾದಷ್ಟೂ ಒಂದು ಟವರ್‌ನ ವ್ಯಾಪ್ತಿಗೆ ಸಿಗುವ ಗ್ರಾಹಕರು ಕಡಿಮೆ. ಕಂಪನಿಯ ಲೆಕ್ಕ ಶುರುವಾಗುವುದೇ ಇಲ್ಲಿಂದ.

ಸಿಂಧನೂರು ತಾಲ್ಲೂಕಿನದು ನೀರಾವರಿಯ ಬಯಲು. 1953ರಲ್ಲಿ ತುಂಗಭದ್ರಾ ಜಲಾಶಯಕ್ಕೆ ನೀರು ನಿಂತ ಮೇಲೆ 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಈ ಎರೆಭೂಮಿಯನ್ನು ಭತ್ತದ ಗದ್ದೆಯಾಗಿಸಿತು. ಆಂಧ್ರದಿಂದ ಬಂದ ರೈತರು ಕಾಲುವೆಗುಂಟ ಕ್ಯಾಂಪುಗಳನ್ನು ಕಟ್ಟಿಕೊಂಡರು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗಾಗಿ ಆರ್.ಎಚ್. ಕ್ಯಾಂಪುಗಳು ಎದ್ದವು. ಹೀಗಾಗಿ ಇಲ್ಲಿ ಜನ ದೊಡ್ಡ ಊರುಗಳಲ್ಲಿ ಗುಂಪುಗೂಡಿಲ್ಲ. ಕಾಲುವೆ, ವಿತರಣಾ ನಾಲೆಗಳ ಗುಂಟ ಸಣ್ಣ ಸಣ್ಣ ಕ್ಯಾಂಪುಗಳಾಗಿ ಹರಡಿಕೊಂಡಿದ್ದಾರೆ. ನೆಲ ಸಪಾಟಾಗಿರುವುದರಿಂದ ತರಂಗ ದೂರ ಹೋಗುತ್ತದೆ, ಅದು ಈ ತಾಲ್ಲೂಕಿಗಿರುವ ಅನುಕೂಲ.

ಮಸ್ಕಿ 2018ರಲ್ಲಿ ಹೊಸ ತಾಲ್ಲೂಕಾಯಿತು. ಬಯಲಿನ ನಡುವೆ ಒಮ್ಮೆಲೇ ಏಳುವ ಬಂಡೆಗುಡ್ಡಗಳು ಇಲ್ಲಿನ ಗುರುತು. ಗುಡ್ಡದ ಈ ಬದಿಗೆ ಕಂಬವಿದ್ದರೆ ಆ ಬದಿಯ ಊರು ಅದರ ನೆರಳಿನಲ್ಲಿ ಉಳಿಯುತ್ತದೆ. ಬಿಸಿಲಿಗೆ ಮರದ ನೆರಳು ಇದ್ದಂತೆ ತರಂಗಕ್ಕೂ ಗುಡ್ಡದ ನೆರಳು ಇದೆ.

ಲಿಂಗಸುಗೂರು ತಾಲ್ಲೂಕು ಮೂರರಲ್ಲೂ ಹೆಚ್ಚು ತೊಡಕಿನದು. ಹಟ್ಟಿಯ ಚಿನ್ನದ ಗಣಿ, ಮುದಗಲ್ಲಿನ ಕೋಟೆ, ಕೃಷ್ಣೆಯ ಕವಲುಗಳ ನಡುವಿನ ಜಲದುರ್ಗ ಎಲ್ಲವೂ ಈ ತಾಲ್ಲೂಕಿನವು. ಕಲ್ಲುಗುಡ್ಡಗಳ ನಡುವೆ ತಾಂಡಾಗಳೂ ದೊಡ್ಡಿಗಳೂ ಚದುರಿವೆ. ಕರಕಲಗಡ್ಡಿ, ಮ್ಯಾದರಗಡ್ಡಿಯಂಥ ನಡುಗಡ್ಡೆಗಳು ಹೊಳೆಯ ಒಳಗೇ ಇವೆ. ಹತ್ತಿಪ್ಪತ್ತು ಮನೆಗಳ ದೊಡ್ಡಿಗೆ ಪ್ರತ್ಯೇಕ ಟವರ್ ನಿಲ್ಲಿಸಿದರೆ ಯಾವ ಕಂಪನಿಗೂ ಕಾಸು ಹುಟ್ಟುವುದಿಲ್ಲ.

ಮೂರು ಪಟ್ಟಣಗಳನ್ನೂ ರಾಷ್ಟ್ರೀಯ ಹೆದ್ದಾರಿ 150ಎ ಒಂದೇ ದಾರದಲ್ಲಿ ಪೋಣಿಸುತ್ತದೆ. ಕಂಪನಿಗಳ ಕಂಬಗಳು ಮೊದಲು ಎದ್ದು ನಿಲ್ಲುವುದು ಇಂಥ ಹೆದ್ದಾರಿಯ ಬದಿಗೇ. ವಾಹನ, ವ್ಯಾಪಾರ, ವಿದ್ಯುತ್, ಕೇಬಲ್ ಎಲ್ಲವೂ ರಸ್ತೆಗುಂಟ ಸಿಗುತ್ತವೆ. ಹೆದ್ದಾರಿ ಬಿಟ್ಟು ಹತ್ತು ಕಿಲೋಮೀಟರ್ ಒಳಗೆ ಸರಿದರೆ ಈ ನಾಲ್ಕೂ ಅನುಕೂಲಗಳು ಒಂದೊಂದಾಗಿ ಕಳಚುತ್ತವೆ. ಅವುಗಳ ಜೊತೆಗೆ ಸಿಗ್ನಲ್ಲೂ ಕಳಚುತ್ತದೆ.

ತರಂಗದ ಗುಣ, ಕಂಬದ ದೂರ

ಟವರ್ ಎಷ್ಟು ದೂರ ತಲುಪುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕಂಬದ ಎತ್ತರ, ತರಂಗದ ಆವರ್ತನ, ನಡುವಿನ ನೆಲ, ಗ್ರಾಹಕರ ಸಂಖ್ಯೆ ಈ ನಾಲ್ಕೂ ಸೇರಿ ಅದನ್ನು ನಿರ್ಧರಿಸುತ್ತವೆ.

ಹಳ್ಳಿಗಾಡಿನಲ್ಲಿ ನೆಲದ ಮೇಲೆ ನಿಲ್ಲಿಸುವ ಕಂಬಗಳು ಸಾಮಾನ್ಯವಾಗಿ 40 ಮೀಟರ್ ಆಸುಪಾಸಿನ ಎತ್ತರದವು. ಅಷ್ಟು ಎತ್ತರದಿಂದ ರೇಡಿಯೊ ತರಂಗಕ್ಕೆ ಭೂಮಿಯ ಬಾಗು ಅಡ್ಡ ಬರುವುದು ಸುಮಾರು 26 ಕಿಲೋಮೀಟರ್ ಆದಮೇಲೆ. ಆದರೂ ಅಷ್ಟು ದೂರ ಮಾತು ಸಾಗದು. ಟವರ್‌ನ ಆಂಟೆನಾ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಕಳಿಸಿದರೆ, ಕೈಯಲ್ಲಿರುವ 4ಜಿ ಮೊಬೈಲು ಮರಳಿ ಕಳಿಸುವುದು ಹೆಚ್ಚೆಂದರೆ 0.2 ವ್ಯಾಟ್. ಟವರ್ ಕೂಗಿದ್ದು ಮೊಬೈಲಿಗೆ ಕೇಳಿಸುತ್ತದೆ, ಮೊಬೈಲು ಓಗೊಟ್ಟದ್ದು ಟವರ್‌ಗೆ ತಲುಪುವುದಿಲ್ಲ. ತೆರೆಯ ಮೇಲೆ ಒಂದೆರಡು ಗೀಟು ಕಾಣಿಸಿಯೂ ಕರೆ ಹೋಗದಿರುವುದಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು.

ಆವರ್ತನ ಕಡಿಮೆಯಿದ್ದಷ್ಟೂ ತರಂಗ ದೂರ ಹೋಗುತ್ತದೆ, ಗೋಡೆಯನ್ನೂ ಚೆನ್ನಾಗಿ ದಾಟುತ್ತದೆ. ಒಂದೇ ದೂರದಲ್ಲಿ, ಒಂದೇ ಬಗೆಯ ಆಂಟೆನಾ ಇಟ್ಟು ಅಳೆದರೆ, ತೆರೆದ ಬಯಲಿನಲ್ಲೇ 2100 ಮೆಗಾಹರ್ಟ್ಸ್ ತರಂಗಕ್ಕಿಂತ 700 ಮೆಗಾಹರ್ಟ್ಸ್ ತರಂಗ ಒಂಬತ್ತು ಪಟ್ಟು ಹೆಚ್ಚು ಶಕ್ತಿ ಉಳಿಸಿಕೊಂಡು ತಲುಪುತ್ತದೆ. ಗೋಡೆ, ಗಿಡಮರ ಅಡ್ಡ ಬಂದರೆ ವ್ಯತ್ಯಾಸ ಇನ್ನೂ ಹಿಗ್ಗುತ್ತದೆ. ಕಲ್ಲು-ಮಣ್ಣಿನ ದಪ್ಪ ಗೋಡೆಯ ಮಾಳಿಗೆ ಮನೆಗಳು, ತಗಡು ಹೊದಿಸಿದ ಶೆಡ್ಡುಗಳು ಇರುವ ಈ ಸೀಮೆಗೆ ಈ ಗುಣ ಬಹಳ ಮುಖ್ಯ. ಬಿಎಸ್‌ಎನ್‌ಎಲ್ ತನ್ನ 4ಜಿ ಸೇವೆಗೆ 700 ಮತ್ತು 2100 ಮೆಗಾಹರ್ಟ್ಸ್ ಎರಡನ್ನೂ ಬಳಸುತ್ತದೆ. ಮೊದಲನೆಯದು ದೂರಕ್ಕೆ, ಎರಡನೆಯದು ವೇಗಕ್ಕೆ.

ಇದನ್ನು ಕಂಬಗಳ ಲೆಕ್ಕಕ್ಕೆ ಇಳಿಸಿ ನೋಡಬಹುದು. ಒಂದು ಕಂಬ ಸುತ್ತ 5 ಕಿಲೋಮೀಟರ್ ತಲುಪಿದರೆ ಅದರ ವ್ಯಾಪ್ತಿ ಸುಮಾರು 78 ಚದರ ಕಿಲೋಮೀಟರ್. ಬರೀ 2 ಕಿಲೋಮೀಟರ್ ತಲುಪಿದರೆ ಸುಮಾರು 12.5 ಚದರ ಕಿಲೋಮೀಟರ್. ಮೊದಲ ಬಗೆಯ ಒಂದು ಕಂಬ ಮಾಡುವ ಕೆಲಸಕ್ಕೆ ಎರಡನೆಯ ಬಗೆಯವು ಆರಕ್ಕೂ ಹೆಚ್ಚು ಬೇಕು. ಆದ್ದರಿಂದ ಹಳ್ಳಿಗಾಡಿನ ಯೋಜನೆಯಲ್ಲಿ ಕಂಬಗಳ ಸಂಖ್ಯೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ, ಅವುಗಳ ಮೇಲೆ ಯಾವ ಆವರ್ತನದ ಆಂಟೆನಾಗಳಿವೆ ಎಂಬುದು.

ವ್ಯಾಪ್ತಿ ಬೇರೆ, ಸಾಮರ್ಥ್ಯ ಬೇರೆ. ಮುದಗಲ್ಲಿನ ಮೊಹರಂಗೆ, ಗುರುಗುಂಟಾದ ಅಮರೇಶ್ವರ ಜಾತ್ರೆಗೆ ಜನಸಾಗರವೇ ಸೇರುತ್ತದೆ. ನಿತ್ಯದ ಬಳಕೆಗೆ ಸಾಲುವ ಟವರ್ ಅಂಥ ದಿನ ಸೋಲುತ್ತದೆ. ಎರಡು ಮೂರು ದಿನದ ಜಾತ್ರೆಗಾಗಿ ಶಾಶ್ವತ ಕಂಬ ನೆಡುವುದು ದಂಡ. ವಾಹನದ ಮೇಲೆ ಕೂರಿಸಿದ ಸಂಚಾರಿ ಟವರ್ ತಂದು ನಿಲ್ಲಿಸುವುದು ಅದಕ್ಕೆ ತಕ್ಕ ಉಪಾಯ. ಹಟ್ಟಿಯ ಗಣಿಯ ಒಳಗಿನ ಮಾತೇ ಬೇರೆ. ನೂರಾರು ಮೀಟರ್ ಬಂಡೆಯನ್ನು ಯಾವ ಮೊಬೈಲ್ ತರಂಗವೂ ತೂರಲಾರದು, ಅಲ್ಲಿನ ಸಂಪರ್ಕ ಸುರಂಗದೊಳಗೆ ಎಳೆದ ಪ್ರತ್ಯೇಕ ವ್ಯವಸ್ಥೆಯಿಂದಲೇ ಆಗಬೇಕು.

ಹಂಚಿಕೆಯ ಮೂರು ಮೆಟ್ಟಿಲು

ಟವರ್ ಹಂಚಿಕೆ ಎಂದರೆ ಒಂದೇ ಬಗೆಯಲ್ಲ, ಅದಕ್ಕೆ ಮೂರು ಮೆಟ್ಟಿಲುಗಳಿವೆ.

ಮೊದಲ ಮೆಟ್ಟಿಲಿನಲ್ಲಿ ಹಂಚಿಕೆಯಾಗುವುದು ಕಂಬ, ಜಾಗ, ಬೇಲಿ, ವಿದ್ಯುತ್, ಬ್ಯಾಟರಿ, ಜನರೇಟರ್ ಮಾತ್ರ. ಆಂಟೆನಾ ಮತ್ತು ರೇಡಿಯೊ ಯಂತ್ರಗಳು ಆಯಾ ಕಂಪನಿಯವೇ. ದೇಶದಲ್ಲಿ ಇದು ಇಂದು ಸಾಮಾನ್ಯ ಪದ್ಧತಿ. 2007ರಲ್ಲಿ ಭಾರ್ತಿ, ವೊಡಾಫೋನ್, ಐಡಿಯಾ ಸೇರಿ ಇಂಡಸ್ ಟವರ್ಸ್ ಎಂಬ ಪ್ರತ್ಯೇಕ ಕಂಪನಿ ಕಟ್ಟಿದವು. ಕಂಬ ಕಟ್ಟಿ, ಅದರ ಮೇಲಿನ ಜಾಗವನ್ನು ಮೊಬೈಲ್ ಕಂಪನಿಗಳಿಗೆ ಬಾಡಿಗೆಗೆ ಕೊಡುವುದೇ ಅದರ ಕಸುಬು. ಮನೆ ಕಟ್ಟಿಸಿ ಮಹಡಿಗೊಬ್ಬ ಬಾಡಿಗೆದಾರನನ್ನು ಇಟ್ಟಂತೆ, ಒಂದೇ ಕಂಬದಲ್ಲಿ ಎತ್ತರಕ್ಕೊಂದು ಕಂಪನಿ.

ಎರಡನೆಯ ಮೆಟ್ಟಿಲಿನಲ್ಲಿ ಆಂಟೆನಾ, ಕೇಬಲ್, ಟವರನ್ನು ಮುಖ್ಯ ಜಾಲಕ್ಕೆ ಜೋಡಿಸುವ ಮಾರ್ಗ ಮೊದಲಾದ ಯಂತ್ರಭಾಗಗಳೂ ಹಂಚಿಕೆಯಾಗುತ್ತವೆ. 2008ರಲ್ಲಿ ದೂರಸಂಪರ್ಕ ಇಲಾಖೆ ಇದಕ್ಕೆ ದಾರಿ ಮಾಡಿಕೊಟ್ಟಿತು. ಒಂದೇ ಯಂತ್ರವನ್ನು ಇಬ್ಬರು ನೆಚ್ಚಬೇಕಾದ್ದರಿಂದ ಕಂಪನಿಗಳ ನಡುವೆ ಹೆಚ್ಚಿನ ಹೊಂದಾಣಿಕೆ ಬೇಕಾಗುತ್ತದೆ.

ಮೂರನೆಯದು ರೋಮಿಂಗ್. ಒಂದೇ ವಲಯದೊಳಗೆ ತನ್ನ ಕಂಪನಿಯ ಸಿಗ್ನಲ್ ಇಲ್ಲದ ಕಡೆ ಗ್ರಾಹಕನ ಮೊಬೈಲು ಬೇರೆ ಕಂಪನಿಯ ಜಾಲವನ್ನು ಹಿಡಿಯುತ್ತದೆ. ಆಗ ಕಂಬ ಯಾರದೆಂಬ ಪ್ರಶ್ನೆಯೇ ಗ್ರಾಹಕನಿಗೆ ಉಳಿಯುವುದಿಲ್ಲ. 2025ರ ಜನವರಿ 17ರಂದು ಕೇಂದ್ರ ಸರ್ಕಾರ ಡಿಜಿಟಲ್ ಭಾರತ ನಿಧಿಯ ನೆರವಿನಿಂದ ಕಟ್ಟಿದ 4ಜಿ ಟವರ್‌ಗಳಲ್ಲಿ ಈ ಸೌಲಭ್ಯಕ್ಕೆ ಚಾಲನೆ ಕೊಟ್ಟಿತು. ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೊ ಇದರಲ್ಲಿ ಭಾಗಿಗಳು. ಸುಮಾರು 27,000 ಟವರ್‌ಗಳಿಂದ 35,400ಕ್ಕೂ ಹೆಚ್ಚು ಹಳ್ಳಿಗಳಿಗೆ ಇದು ಅನ್ವಯವಾಗುತ್ತದೆ ಎಂದು ಸರ್ಕಾರ ಪ್ರಕಟಿಸಿತು.

ಹಂಚಿಕೆಗೆ ಸಾರ್ವಜನಿಕ ಹಣ ಸೇರಿದ್ದು ಇದೇ ಮೊದಲಲ್ಲ. ಮೊಬೈಲ್ ಕಂಪನಿಗಳ ಆದಾಯದ ಒಂದು ಪಾಲಿನಿಂದ ನಡೆಯುವ ಸಾರ್ವತ್ರಿಕ ಸೇವಾ ನಿಧಿ 2007ರಲ್ಲೇ ಒಂದು ಯೋಜನೆ ಕೈಗೊಂಡಿತ್ತು. ಮೊಬೈಲ್ ಸೇವೆಯಿಲ್ಲದ, 2,000 ಅಥವಾ ಹೆಚ್ಚು ಜನಸಂಖ್ಯೆಯ ಹಳ್ಳಿ ಅಥವಾ ಹಳ್ಳಿಗಳ ಗುಂಪಿಗೆ ಒಂದು ಟವರ್, ಅದನ್ನು ಮೂರು ಕಂಪನಿಗಳು ಹಂಚಿಕೊಳ್ಳಬೇಕು ಎಂಬುದು ಅದರ ನಿಯಮ. ದೇಶದಾದ್ಯಂತ 7,300ಕ್ಕೂ ಹೆಚ್ಚು ಟವರ್‌ಗಳು ಹೀಗೆ ಎದ್ದವು. ಅದೇ ನಿಧಿ ಈಗ ಡಿಜಿಟಲ್ ಭಾರತ ನಿಧಿ ಎಂಬ ಹೆಸರು ಪಡೆದಿದೆ. 2022ರ ಜುಲೈನಲ್ಲಿ ಕೇಂದ್ರ ಸಂಪುಟ 26,316 ಕೋಟಿ ರೂಪಾಯಿಯ 4ಜಿ ಪರಿಪೂರ್ಣತಾ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸೇವೆ ತಲುಪದ 24,680 ಹಳ್ಳಿಗಳಿಗೆ ಸಂಪರ್ಕ ಕೊಡುವ ಹೊಣೆ ಬಿಎಸ್‌ಎನ್‌ಎಲ್‌ನದಾಯಿತು.

ಹೊರದೇಶಗಳೂ ಇದೇ ದಾರಿ ಹಿಡಿದಿವೆ. 2020ರಲ್ಲಿ ಬ್ರಿಟನ್ನಿನ ನಾಲ್ಕು ಮೊಬೈಲ್ ಕಂಪನಿಗಳು ಸರ್ಕಾರದ ಜೊತೆ ಸೇರಿ 100 ಕೋಟಿ ಪೌಂಡ್ ವೆಚ್ಚದ ಹಂಚಿಕೆಯ ಗ್ರಾಮೀಣ ಜಾಲಕ್ಕೆ ಒಪ್ಪಂದ ಮಾಡಿಕೊಂಡವು. ಒಂದು ಕಂಪನಿಯ ಸೇವೆ ಇದ್ದು ಉಳಿದವರದು ಇಲ್ಲದ ಕಡೆ ಕಂಪನಿಗಳು ತಮ್ಮ ಖರ್ಚಿನಲ್ಲಿ ಹಂಚಿಕೊಳ್ಳಬೇಕು. ಯಾರ ಸೇವೆಯೂ ಇಲ್ಲದ ಕಡೆ ಸರ್ಕಾರದ ಹಣದಲ್ಲಿ ಕಂಬ ಏಳುತ್ತದೆ. ಈ ಎರಡು ಬಗೆಯ ಕೊರತೆಗಳನ್ನು ಬೇರೆ ಬೇರೆಯಾಗಿ ಗುರುತಿಸಿದ್ದೇ ಆ ಯೋಜನೆಯ ಸತ್ವ. ಎಡೆದೊರೆ ಸೀಮೆಗೂ ಈ ವಿಂಗಡಣೆ ನೇರವಾಗಿ ಹೊಂದುತ್ತದೆ.

ಹೊಸ ಕಂಬ ನಿಲ್ಲುವ ಜಾಗ

ಹೊಸ ಕಂಬ ಅನಿವಾರ್ಯವಾದ ಕಡೆ ಮೊದಲು ನೋಡಬೇಕಾದ್ದು ಮಣ್ಣು. ಸಿಂಧನೂರಿನ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಾಯಿ ಬಿಡುತ್ತದೆ. ಈ ಉಬ್ಬು-ತಗ್ಗು ಮೇಲ್ಪದರದಲ್ಲಿ ಹೆಚ್ಚು. ಬುನಾದಿಯನ್ನು ಅದರ ಕೆಳಗಿನ ಗಟ್ಟಿ ಪದರದವರೆಗೆ ಇಳಿಸದಿದ್ದರೆ ಕಂಬ ವಾಲುತ್ತದೆ. ಲಿಂಗಸುಗೂರಿನ ಮಸಾರಿ ನೆಲದಲ್ಲಿ, ಕಲ್ಲುಭೂಮಿಯಲ್ಲಿ ಬುನಾದಿ ಬೇಗ ಗಟ್ಟಿ ಸಿಗುತ್ತದೆ, ಆದರೆ ಬಂಡೆ ಒಡೆಯಬೇಕು.

ಎರಡನೆಯದು ಗಾಳಿಯ ಒತ್ತಡ. ಒಂದು ಕಂಪನಿಯ ಆಂಟೆನಾಗಳಿಗೆ ಸಾಕಾಗುವ ಕಂಬಕ್ಕೆ ಮೂರು ಕಂಪನಿಗಳ ಆಂಟೆನಾ ಏರಿಸಿದರೆ ಗಾಳಿ ತಾಗುವ ಹರವು ಹೆಚ್ಚುತ್ತದೆ. ಹಳೆಯ ಕಂಬವನ್ನು ಹಂಚುವ ಮೊದಲು ಎಂಜಿನಿಯರ್ ಅದರ ಬಲವನ್ನು ಲೆಕ್ಕ ಹಾಕಲೇಬೇಕು, ಬೇಕಾದರೆ ಕಬ್ಬಿಣ ಸೇರಿಸಿ ಬಿಗಿಗೊಳಿಸಬೇಕು. ಹೊಸದನ್ನು ಕಟ್ಟುವಾಗಲೇ ಮೂರು ನಾಲ್ಕು ಕಂಪನಿಗಳ ಭಾರ ಹೊರುವಂತೆ ಕಟ್ಟಿದರೆ ಆರಂಭದಲ್ಲಿ ಕಬ್ಬಿಣ ಹೆಚ್ಚು ಬೇಕಾದರೂ ಮುಂದೆ ಎರಡನೆಯ ಕಂಬದ ಖರ್ಚು ಪೂರ್ತಿ ಉಳಿಯುತ್ತದೆ.

ಮೂರನೆಯದು ವಿದ್ಯುತ್. ಶಕ್ತಿನಗರದ ಉಷ್ಣ ಸ್ಥಾವರ ಇದೇ ಜಿಲ್ಲೆಯಲ್ಲಿದ್ದರೂ ಹಳ್ಳಿಯ ಮಾರ್ಗಗಳಲ್ಲಿ ಕರೆಂಟ್ ಹೋಗಿಬರುತ್ತದೆ. ಪಂಪ್‌ಸೆಟ್ಟುಗಳ ಮಾರ್ಗಕ್ಕೆ ದಿನದ ಕೆಲವೇ ತಾಸು ಕರೆಂಟ್ ಇರುತ್ತದೆ. ಹೊಲದ ನಡುವಿನ ಟವರ್‌ಗೆ ಊರಿನ ಮನೆಗಳಿಗಾಗಿ ಬೇರೆಯಾಗಿ ಎಳೆದ ‘ನಿರಂತರ ಜ್ಯೋತಿ’ ಮಾರ್ಗದಿಂದ ಸಂಪರ್ಕ ಸಿಕ್ಕರೆ ಅರ್ಧ ಸಮಸ್ಯೆ ತೀರುತ್ತದೆ. ಕರೆಂಟ್ ಹೋದಾಗ ಟವರನ್ನು ನಡೆಸುವುದು ಬ್ಯಾಟರಿ. ಆದರೆ ಸೀಸದ ಬ್ಯಾಟರಿಗೆ ಬಿಸಿಲೇ ವೈರಿ. 25 ಡಿಗ್ರಿಗಿಂತ ಮೇಲೆ ಹತ್ತು ಡಿಗ್ರಿ ಏರಿದರೆ ಅದರ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಲಿಥಿಯಂ ಬ್ಯಾಟರಿಯೂ ಸೌರಫಲಕವೂ ಹೆಚ್ಚು ತಾಳುತ್ತವೆ. ಗ್ರಾಮೀಣ ಟವರ್‌ಗಳಲ್ಲಿ ಶೇ 50ರಷ್ಟನ್ನು 2015ರೊಳಗೆ, ಶೇ 75ರಷ್ಟನ್ನು 2020ರೊಳಗೆ ನವೀಕರಿಸಬಹುದಾದ ಶಕ್ತಿಯ ಮಿಶ್ರ ಮೂಲಕ್ಕೆ ತರಬೇಕೆಂದು ದೂರಸಂಪರ್ಕ ಇಲಾಖೆ 2012ರಲ್ಲೇ ಸೂಚಿಸಿತ್ತು. ಬಿಸಿಲೇ ಬೆಳೆಯುವ ಈ ಜಿಲ್ಲೆಯಲ್ಲಿ ಹೊಸ ಟವರ್ ಸೌರಶಕ್ತಿ ಬಿಟ್ಟು ಏಳಲು ಯಾವ ಸಕಾರಣವೂ ಇಲ್ಲ.

ನಾಲ್ಕನೆಯದು ಹಿಂದಿನ ಸಂಪರ್ಕ, ಅಂದರೆ ಟವರ್‌ನಿಂದ ಮುಖ್ಯ ಜಾಲಕ್ಕೆ ಮಾತು-ದತ್ತಾಂಶ ಒಯ್ಯುವ ಮಾರ್ಗ. ಕಂಬದ ಮೇಲಿನ ಡೋಲಿನಾಕಾರದ ಮೈಕ್ರೊವೇವ್ ಆಂಟೆನಾ ಇನ್ನೊಂದು ಕಂಬವನ್ನು ನೇರ ನೋಡುತ್ತಿರಬೇಕು, ಗುಡ್ಡ ಅಡ್ಡ ಬರಬಾರದು. ಆಪ್ಟಿಕಲ್ ಫೈಬರ್ ಕೇಬಲ್‌ಗೆ ಆ ಹಂಗಿಲ್ಲ, ಸಾಮರ್ಥ್ಯವೂ ಹಲವು ಪಟ್ಟು ಹೆಚ್ಚು. 2011ರಲ್ಲಿ ಒಪ್ಪಿಗೆ ಪಡೆದ, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆ ಗ್ರಾಮ ಪಂಚಾಯಿತಿಗಳಿಗೆ ಈ ಕೇಬಲ್ ಎಳೆಯುವುದಕ್ಕೇ ಹುಟ್ಟಿದ್ದು. 2023ರಲ್ಲಿ ಅದರ ಪರಿಷ್ಕೃತ ರೂಪಕ್ಕೆ 1,39,579 ಕೋಟಿ ರೂಪಾಯಿ ಗೊತ್ತುಪಡಿಸಲಾಯಿತು. ಪಂಚಾಯಿತಿ ಕಚೇರಿಯವರೆಗೆ ಬಂದ ಕೇಬಲ್ಲನ್ನು ಅದೇ ಊರಿನ ಟವರ್‌ಗೂ ಜೋಡಿಸಿದರೆ ಒಂದೇ ಅಗೆತದಲ್ಲಿ ಎರಡು ಕೆಲಸ ಆಗುತ್ತದೆ.

ಮಸ್ಕಿಯಲ್ಲಿ ಇನ್ನೊಂದು ಎಚ್ಚರ ಬೇಕು. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಕಂಡುಹಿಡಿದ ಅಶೋಕನ ಶಿಲಾಶಾಸನ ಇಲ್ಲಿದೆ. ಚಕ್ರವರ್ತಿಯ ಹೆಸರನ್ನು ‘ಅಶೋಕ’ ಎಂದೇ ಹೇಳುವ ಆ ಬಂಡೆ ಸಂರಕ್ಷಿತ ಸ್ಮಾರಕ. 2010ರಲ್ಲಿ ತಿದ್ದುಪಡಿಯಾದ ಪುರಾತನ ಸ್ಮಾರಕಗಳ ಕಾಯ್ದೆಯಂತೆ ರಾಷ್ಟ್ರೀಯ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯ. ಎತ್ತರದ ಗುಡ್ಡ ಕಂಡಿತೆಂದು ಕಂಬಕ್ಕೆ ಗುರುತು ಹಾಕುವ ಮೊದಲು ಈ ಅಳತೆಯನ್ನು ನಕ್ಷೆಯ ಮೇಲೆ ಎಳೆಯಬೇಕು.

ಅನುಮತಿ, ಬಾಡಿಗೆ, ಮೋಸ

ಟವರ್‌ಗೆ ಸಂಬಂಧಿಸಿದ ಕಾನೂನು ಇತ್ತೀಚೆಗೆ ಪೂರ್ತಿ ಬದಲಾಗಿದೆ. 1885ರ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ 2023ರ ಡಿಸೆಂಬರಿನಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂತು. ಅದರಡಿ ರೂಪಿಸಿದ ಮಾರ್ಗಹಕ್ಕು ನಿಯಮಗಳು 2025ರ ಜನವರಿ 1ರಿಂದ ಜಾರಿಗೆ ಬಂದವು. ಸರ್ಕಾರಿ ಜಾಗದಲ್ಲಿ ಕಂಬ ನಿಲ್ಲಿಸಲು ಕಂಪನಿ ಆನ್‌ಲೈನ್ ಪೋರ್ಟಲ್ ಮೂಲಕ ಅರ್ಜಿ ಹಾಕಬೇಕು. ನಿಗದಿತ ದಿನಗಳೊಳಗೆ ಸಂಬಂಧಪಟ್ಟ ಸಂಸ್ಥೆ ಉತ್ತರ ಕೊಡದಿದ್ದರೆ ಒಪ್ಪಿಗೆ ಸಿಕ್ಕಂತೆಯೇ. ಖಾಸಗಿ ಜಮೀನಿನಲ್ಲಾದರೆ ಮಾಲೀಕರ ಜೊತೆ ಕರಾರು ಬೇಕು. ವಿವಾದಗಳನ್ನು ತೀರ್ಮಾನಿಸುವ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್ ಆದ ಜಿಲ್ಲಾಧಿಕಾರಿಗಿದೆ.

ತೆರಿಗೆಯ ವಿಷಯದಲ್ಲೂ ತಿರುವು ಬಂದಿದೆ. ಮೊಬೈಲ್ ಟವರ್ ಮೇಲೆ ಆಸ್ತಿ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದು 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅಹಮದಾಬಾದ್ ಮಹಾನಗರಪಾಲಿಕೆಯ ಪ್ರಕರಣದಲ್ಲಿ ಹೇಳಿತ್ತು. ಆದರೆ ಯಾವುದೇ ಆಸ್ತಿಯ ಮೇಲೆ ನಿಂತ ದೂರಸಂಪರ್ಕ ಜಾಲವನ್ನು ಆ ಆಸ್ತಿಯ ಭಾಗವೆಂದು ತೆರಿಗೆ, ಶುಲ್ಕಗಳಿಗಾಗಿ ಪರಿಗಣಿಸಬಾರದು ಎನ್ನುತ್ತದೆ 2023ರ ಕಾಯ್ದೆ. ಟವರ್ ತೆರಿಗೆಯನ್ನು ಆದಾಯವಾಗಿ ನಂಬಿದ ಪಂಚಾಯಿತಿಗಳು ಈ ಬದಲಾವಣೆಯನ್ನು ತಿಳಿದಿರಬೇಕು.

ಟವರ್‌ಗೆ ಬೇಕಾಗುವುದು ಕೆಲವೇ ಗುಂಟೆ ಜಾಗ. ಒಣಬೇಸಾಯದ ಹೊಲವಿರುವ ರೈತನಿಗೆ ತಿಂಗಳ ಬಾಡಿಗೆ ಖಾತ್ರಿಯ ಆದಾಯ. ಕರಾರು ಹತ್ತಾರು ವರ್ಷದ್ದಾಗಿರುವುದರಿಂದ ಬಾಡಿಗೆ ಏರಿಕೆಯ ದರ, ಹೊಲಕ್ಕೆ ದಾರಿ, ಇನ್ನೊಂದು ಕಂಪನಿ ಸೇರಿಕೊಂಡಾಗ ಹೆಚ್ಚಿನ ಬಾಡಿಗೆ, ಅವಧಿ ಮುಗಿದ ಮೇಲೆ ಬುನಾದಿಯನ್ನು ಕಿತ್ತು ನೆಲ ಸರಿಮಾಡುವ ಹೊಣೆ ಇವೆಲ್ಲವೂ ಬರಹದಲ್ಲಿರಬೇಕು. ‘ನಿಮ್ಮ ಹೊಲದಲ್ಲಿ ಟವರ್ ಹಾಕುತ್ತೇವೆ, ಮೊದಲು ಇಷ್ಟು ಹಣ ಕಟ್ಟಿ’ ಎಂದು ಬರುವ ಕರೆಗಳು ಮೋಸದವು. ಟವರ್ ನಿಲ್ಲಿಸುವ ಕಂಪನಿ ಜಾಗದ ಮಾಲೀಕನಿಗೆ ಹಣ ಕೊಡುತ್ತದೆ, ಅವನಿಂದ ಮುಂಗಡ ಕೇಳುವುದಿಲ್ಲ. ದೂರಸಂಪರ್ಕ ಇಲಾಖೆ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಎರಡೂ ಇದನ್ನು ಮತ್ತೆ ಮತ್ತೆ ಪ್ರಕಟಿಸಿವೆ.

ವಿಕಿರಣದ ಭಯ

ಊರಿನಲ್ಲಿ ಟವರ್ ಏಳುವ ಸುದ್ದಿ ಬಂದಾಗ ಮೊದಲು ಏಳುವ ಪ್ರಶ್ನೆ ವಿಕಿರಣದ್ದು. ಪ್ರಶ್ನೆ ಸಹಜ, ಉತ್ತರವೂ ಅಳತೆಯಲ್ಲಿ ಸಿಗುತ್ತದೆ. ಮೊಬೈಲ್ ತರಂಗ ಎಕ್ಸ್-ರೇಯಂತೆ ಅಣುಗಳನ್ನು ಒಡೆಯುವಂಥದ್ದಲ್ಲ. ಶಕ್ತಿ ಮಿತಿಮೀರಿದರೆ ಅಂಗಾಂಶವನ್ನು ಬಿಸಿ ಮಾಡುತ್ತದೆ. ಭಾರತ 2012ರ ಸೆಪ್ಟೆಂಬರ್ 1ರಿಂದ ಟವರ್ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗಕ್ಕೆ ಇಳಿಸಿತು. 900 ಮೆಗಾಹರ್ಟ್ಸ್‌ಗೆ ಅಂತರರಾಷ್ಟ್ರೀಯ ಮಿತಿ ಚದರ ಮೀಟರಿಗೆ 4.5 ವ್ಯಾಟ್ ಇದ್ದರೆ ಇಲ್ಲಿ ಅದು 0.45 ವ್ಯಾಟ್ ಆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ರೇಡಿಯೊ ತರಂಗವನ್ನು ‘ಬಹುಶಃ ಕ್ಯಾನ್ಸರಿಗೆ ಕಾರಣವಾಗಬಹುದಾದ’ ವರ್ಗದಲ್ಲಿಟ್ಟಿತು. ಅದೇ ಸಂಸ್ಥೆಗಾಗಿ ನಡೆದು 2024ರಲ್ಲಿ ಪ್ರಕಟವಾದ ಸಮಗ್ರ ಪರಿಶೀಲನೆ ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ.

ಇಲ್ಲಿ ಒಂದು ಸಂಗತಿ ಗಮನಕ್ಕೆ ಬರಬೇಕು. ಟವರ್ ದೂರವಿದ್ದಷ್ಟೂ ಕೈಯಲ್ಲಿರುವ ಮೊಬೈಲು ಹೆಚ್ಚು ಶಕ್ತಿಯಲ್ಲಿ ಕೂಗಬೇಕಾಗುತ್ತದೆ, ಅದೂ ಕಿವಿಯ ಪಕ್ಕದಲ್ಲೇ. ಒಂದೇ ಕಂಬದ ಮೇಲೆ ಮೂರು ಕಂಪನಿಗಳಿದ್ದರೆ ಮೂರರ ವಿಕಿರಣವನ್ನೂ ಕೂಡಿಸಿಯೇ ಮಿತಿಯೊಳಗಿದೆಯೇ ಎಂದು ನೋಡಬೇಕು. ಟವರ್‌ಗಳ ಈ ಮಾಹಿತಿಗಾಗಿ 2017ರಲ್ಲಿ ‘ತರಂಗ್ ಸಂಚಾರ್’ ಪೋರ್ಟಲ್ ತೆರೆಯಲಾಯಿತು. ಸಾರ್ವಜನಿಕರು ಶುಲ್ಕ ಕಟ್ಟಿ ಅಳತೆ ಮಾಡಿಸಿಕೊಳ್ಳಲೂ ಅವಕಾಶವಿದೆ. ಊರಿನವರ ಎದುರಿಗೇ ಅಳತೆ ಮಾಡಿ ತೋರಿಸುವುದು ಭಯ ನಿವಾರಣೆಯ ಸರಿಯಾದ ದಾರಿ.

ಹೊಳೆ ಬಂದ ದಿನ

2009ರ ಅಕ್ಟೋಬರಿನಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಉತ್ತರ ಕರ್ನಾಟಕ ಪ್ರವಾಹ ಕಂಡಿತು. ನಾರಾಯಣಪುರ ಜಲಾಶಯದಿಂದ ಹೆಚ್ಚಿನ ನೀರು ಬಿಟ್ಟಾಗ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ನಡುಗಡ್ಡೆಯ ಕುಟುಂಬಗಳು ದಡದ ಸಂಪರ್ಕ ಕಳೆದುಕೊಳ್ಳುತ್ತವೆ. ನೀರು ಬಿಡುವ ಮುನ್ನೆಚ್ಚರಿಕೆ, ಗರ್ಭಿಣಿಗೆ 108 ಆಂಬುಲೆನ್ಸ್, ದೋಣಿಗಾಗಿ ತಹಶೀಲ್ದಾರರಿಗೆ ಕರೆ ಎಲ್ಲವೂ ಆಗ ಮೊಬೈಲಿನ ಮೇಲೇ ನಿಂತಿರುತ್ತವೆ.

ಗಡ್ಡಿಯ ಮೇಲೆಯೇ ಕಂಬ ನೆಟ್ಟರೆ ಪ್ರವಾಹದಲ್ಲಿ ಅದರ ವಿದ್ಯುತ್, ಕೇಬಲ್ ಎರಡೂ ಕಡಿದುಹೋಗುವ ಅಪಾಯವಿದೆ. ದಡದ ಎತ್ತರದ ನೆಲದಲ್ಲಿ, ನೀರಿನ ಗರಿಷ್ಠ ಮಟ್ಟಕ್ಕಿಂತ ಮೇಲೆ, ಕಡಿಮೆ ಆವರ್ತನದ ಆಂಟೆನಾವನ್ನು ಹೊಳೆಯ ಕಡೆಗೆ ತಿರುಗಿಸಿ ನಿಲ್ಲಿಸುವುದು ಹೆಚ್ಚು ಭದ್ರ. ಹೊಳೆಯ ಮೇಲೆ ಅಡ್ಡಿಯಿಲ್ಲದೆ ತರಂಗ ಸಾಗುತ್ತದೆ. ಅಂಥ ಕಂಬ ಯಾವ ಕಂಪನಿಯದಾದರೂ ಪ್ರವಾಹದ ದಿನಗಳಲ್ಲಿ ಎಲ್ಲರ ಸಿಮ್ಮಿಗೂ ತೆರೆದಿರಬೇಕು. ರೋಮಿಂಗ್ ಹಂಚಿಕೆಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ.

ಪ್ರವಾಹವಿಲ್ಲದ ದಿನವೂ ಸಿಗ್ನಲ್ ಇಲ್ಲದಿದ್ದರೆ ಬದುಕು ನಿಲ್ಲುತ್ತದೆ. ಉದ್ಯೋಗ ಖಾತ್ರಿ ಕೂಲಿಕಾರರ ಹಾಜರಿಯನ್ನು ಕೆಲಸದ ಜಾಗದಿಂದಲೇ ಫೋಟೊ ಸಮೇತ ಆ್ಯಪ್‌ನಲ್ಲಿ ದಾಖಲಿಸುವುದು 2023ರ ಜನವರಿ 1ರಿಂದ ಕಡ್ಡಾಯವಾಯಿತು. ಪಡಿತರಕ್ಕೆ ಹೆಬ್ಬೆಟ್ಟಿನ ಯಂತ್ರ, ಬೆಳೆ ಸಮೀಕ್ಷೆಗೆ ಆ್ಯಪ್, ಖಾತೆಗೆ ಬರುವ ಹಣಕ್ಕೆ ಒಟಿಪಿ. ಬೆಂಗಳೂರಿಗೆ ಗುಳೆ ಹೋದ ಮಕ್ಕಳ ದನಿ ಊರಿನ ಮುದುಕರನ್ನು ತಲುಪುವುದೂ ಇದೇ ದಾರಿಯಿಂದ. ಸರ್ಕಾರ ತನ್ನ ಸೇವೆಗಳನ್ನು ಮೊಬೈಲಿಗೆ ಕಟ್ಟಿಹಾಕಿದ ಮೇಲೆ ಸಿಗ್ನಲ್ ಒದಗಿಸುವುದು ರಸ್ತೆ, ಕುಡಿಯುವ ನೀರಿನಷ್ಟೇ ಅದರ ಹೊಣೆ.

ತಾಲ್ಲೂಕಿನ ನಕ್ಷೆ

ಒಳ್ಳೆಯ ಯೋಜನೆ ಒಂದು ನಕ್ಷೆಯಿಂದ ಶುರುವಾಗುತ್ತದೆ. ಮೊದಲ ಪದರದಲ್ಲಿ ಮೂರು ತಾಲ್ಲೂಕುಗಳ ಎಲ್ಲ ಕಂಬಗಳು: ಯಾರದು, ಎತ್ತರ ಎಷ್ಟು, ಯಾವ ಕಂಪನಿಗಳಿವೆ, ಇನ್ನೆಷ್ಟು ಭಾರ ತಾಳುತ್ತದೆ. ಎರಡನೆಯ ಪದರದಲ್ಲಿ ಕಂದಾಯ ಗ್ರಾಮಗಳಷ್ಟೇ ಅಲ್ಲದೆ ಕ್ಯಾಂಪು, ತಾಂಡಾ, ದೊಡ್ಡಿ, ಗಡ್ಡಿಗಳು. ಗ್ರಾಮದ ಹೆಸರಿನಲ್ಲಿ ‘ಸೇವೆ ಇದೆ’ ಎಂದು ಬರೆದರೆ ಅದರ ಮಜಿರೆಗಳ ಕೊರತೆ ಮುಚ್ಚಿಹೋಗುತ್ತದೆ. ಮೂರನೆಯ ಪದರದಲ್ಲಿ ಗುಡ್ಡ, ಹೊಳೆ, ಕಾಲುವೆ, ವಿದ್ಯುತ್ ಮಾರ್ಗ, ಭಾರತ್‌ನೆಟ್ ಕೇಬಲ್, ಸ್ಮಾರಕ ವಲಯ. ಸೇವೆ ಎಲ್ಲಿದೆ ಎಂಬ ನಕ್ಷೆಯನ್ನು ಕಂಪನಿಗಳು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕೆಂದು ಟ್ರಾಯ್ 2024ರ ಗುಣಮಟ್ಟ ನಿಯಮಗಳಲ್ಲಿ ವಿಧಿಸಿದೆ. ಅದನ್ನು ಊರಿನ ಅನುಭವದ ಜೊತೆ ಇಟ್ಟು ನೋಡಿದರೆ ನಿಜವಾದ ಕೊರತೆ ಕಾಣುತ್ತದೆ.

ಆಮೇಲೆ ಊರುಗಳನ್ನು ಮೂರು ಪಟ್ಟಿಗಳಾಗಿ ವಿಂಗಡಿಸಬಹುದು. ಒಂದು ಕಂಪನಿಯ ಸಿಗ್ನಲ್ ಮಾತ್ರ ಇರುವ ಊರುಗಳಿಗೆ ಹೊಸ ಕಂಬ ಬೇಕಿಲ್ಲ, ಇರುವುದರ ಹಂಚಿಕೆ ಸಾಕು. ಕಂಬ ಹತ್ತಿರವಿದ್ದೂ ಗುಡ್ಡದ ನೆರಳಿನಲ್ಲಿರುವ ಊರುಗಳಿಗೆ ಆಂಟೆನಾದ ದಿಕ್ಕು ಬದಲಿಸುವುದು, ಕಡಿಮೆ ಆವರ್ತನ ಸೇರಿಸುವುದು ಅಥವಾ ಸಣ್ಣ ಕಂಬ ಒಂದು ಸಾಕಾಗಬಹುದು. ಯಾರ ಸಿಗ್ನಲ್ಲೂ ಇಲ್ಲದ ಊರುಗಳಿಗೆ ಮಾತ್ರ ಸಾರ್ವಜನಿಕ ಹಣದ ಹೊಸ ಕಂಬ, ಅದೂ ಹಂಚಿಕೆಯ ಷರತ್ತಿನ ಮೇಲೆ. ಈ ಕ್ರಮದಲ್ಲಿ ಹೋದರೆ ಕಡಿಮೆ ಕಂಬಗಳಲ್ಲಿ ಹೆಚ್ಚು ಊರುಗಳಿಗೆ ಸೇವೆ ಸಿಗುತ್ತದೆ. ಹೊಲ ಕಡಿಮೆ ಹಾಳಾಗುತ್ತದೆ, ಡೀಸೆಲ್ ಕಡಿಮೆ ಉರಿಯುತ್ತದೆ.

ಈ ಕೆಲಸಕ್ಕೆ ಹೊಸ ಸಂಸ್ಥೆ ಹುಟ್ಟಿಸಬೇಕಿಲ್ಲ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲಾ ದೂರಸಂಪರ್ಕ ಸಮಿತಿ ಇರಬೇಕೆಂಬ ವ್ಯವಸ್ಥೆ ಆಗಲೇ ಇದೆ. ಅದಕ್ಕೆ ಬೇಕಾದ್ದು ಊರುಗಳಿಂದ ಬರುವ ನಿಖರ ಮಾಹಿತಿ. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕು. ಯಾವ ಓಣಿಯಲ್ಲಿ, ಯಾವ ಕ್ಯಾಂಪಿನಲ್ಲಿ, ಯಾವ ಶಾಲೆಯ ಅಂಗಳದಲ್ಲಿ ಯಾವ ಕಂಪನಿಯ ಟವರ್ ಸಿಗುವುದಿಲ್ಲ ಎಂಬ ಪಟ್ಟಿ ಅಲ್ಲಿ ತಯಾರಾಗಲಿ, ಠರಾವಾಗಿ ಜಿಲ್ಲಾಧಿಕಾರಿಯ ಕಚೇರಿಗೆ ಹೋಗಲಿ. ಸಿಂಧನೂರಿನ ಕ್ಯಾಂಪು, ಮಸ್ಕಿಯ ಗುಡ್ಡದ ಮಗ್ಗುಲಿನ ಊರು, ಲಿಂಗಸುಗೂರಿನ ದೊಡ್ಡಿ ಮೂರೂ ಮೊದಲು ಆ ಪಟ್ಟಿಯಲ್ಲಿ ಹೆಸರಾಗಿ ಕಾಣಿಸಿಕೊಳ್ಳಬೇಕು. ಮುಂದಿನ ಗ್ರಾಮಸಭೆಯ ನಡಾವಳಿಯಲ್ಲೇ ಆ ಕೆಲಸ ಶುರುವಾಗಲಿ.